ಸಹಾಯ ಬೇಕು: ಸೋಲಾರ್ ಪ್ಯಾನೆಲ್‌ಗೆ ಕನ್ನಡಿ ಕೂರಿಸಿದ ಮೇಲೆ ಕರೆಂಟ್ ಏರಿದೆ, ಪವರ್ ಮಾತ್ರ ಏರ್ತಿಲ್ಲ

ಬಿಳಿ ಚಿಟ್ಟೆ ಮೋಡದ ದಿನ ರೆಕ್ಕೆಗಳನ್ನು ‘ವಿ’ ಆಕಾರದಲ್ಲಿ ಎತ್ತಿ, ಬಿಸಿಲನ್ನು ಎದೆಯ ಸ್ನಾಯುಗಳ ಕಡೆ ತಿರುಗಿಸಿ ಮೈ ಕಾಯಿಸಿಕೊಳ್ಳುತ್ತೆ. ಎಕ್ಸೆಟರ್ ವಿಶ್ವವಿದ್ಯಾಲಯದವರು 2015ರಲ್ಲಿ ಇದೇ ಉಪಾಯವನ್ನು ಸೋಲಾರ್ ಸೆಲ್ ಮೇಲೆ ಪ್ರಯೋಗಿಸಿದ್ದರು. ಅದನ್ನು ಓದಿ ನಾನೂ 36 ಸೆಲ್‌ಗಳ ಸಣ್ಣ ಪ್ಯಾನೆಲ್‌ನ ಎರಡೂ ಬದಿಗೆ ಹೊಳೆಯುವ ಅಲ್ಯುಮಿನಿಯಂ ಶೀಟ್ ಓರೆಯಾಗಿ ನಿಲ್ಲಿಸಿದ್ದೇನೆ.

ಮೀಟರ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಕರೆಂಟ್ (ಎರಡೂ ತಂತಿ ನೇರ ಸೇರಿಸಿದಾಗ ಹರಿಯುವುದು) ಸುಮಾರು ಒಂದೂವರೆ ಪಟ್ಟು ತೋರಿಸುತ್ತೆ. ಆದ್ರೆ ಲೋಡ್ ಹಾಕಿದರೆ ಪವರ್ ಹೆಚ್ಚುಕಮ್ಮಿ ಮೊದಲಿನಷ್ಟೇ! ಬಿಸಿ ಇರಬಹುದು ಅಂದ್ಕೊಂಡೆ. ಸಿಲಿಕಾನ್ ಸೆಲ್‌ನ ವೋಲ್ಟೇಜ್ ಡಿಗ್ರಿಗೆ 2 ಮಿಲಿವೋಲ್ಟ್‌ನಷ್ಟು ಇಳಿಯುತ್ತಲ್ಲ. ಪ್ಯಾನೆಲ್ ತಣ್ಣಗಿರುವಾಗಲೇ ಅಳೆದೆ, ಹಿಂದೆ ಒದ್ದೆ ಬಟ್ಟೆ ಹಾಕಿಯೂ ನೋಡಿದೆ. ಅಂಥಾ ವ್ಯತ್ಯಾಸ ಏನೂ ಬರಲಿಲ್ಲ.

ಹತ್ತಿರದಿಂದ ನೋಡಿದರೆ ಪ್ರತಿಫಲನ ಪ್ಯಾನೆಲ್ ಪೂರ್ತಿ ಹರಡಿಲ್ಲ. ಎರಡೂ ಅಂಚಿನ ಸಾಲುಗಳ ಮೇಲೆ ದಪ್ಪ ಪಟ್ಟಿಯಾಗಿ ಬಿದ್ದಿದೆ, ನಡುವಿನ ಸಾಲುಗಳಿಗೆ ಬರೀ ನೇರ ಬಿಸಿಲು. ಸೆಲ್‌ಗಳೆಲ್ಲ ಸೀರೀಸ್‌ನಲ್ಲಿವೆ, ಅಂದ್ರೆ ಒಂದರ ಹಿಂದೆ ಒಂದು, ಹಾಗಾಗಿ ಕಡಿಮೆ ಬೆಳಕಿನ ಸೆಲ್ ಉಳಿದವುಗಳ ಕರೆಂಟನ್ನೂ ತಡೆಯುತ್ತೆ. ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್‌ಗಳೂ (ಹಿಂದೆ ಬಿದ್ದ ಸೆಲ್‌ಗಳನ್ನು ಬಳಸಿಕೊಂಡು ಕರೆಂಟ್ ಹೋಗಲು ಪಕ್ಕದ ದಾರಿ) ಇವೆ. ಶಾರ್ಟ್ ಮಾಡಿದಾಗ ನಡುವಿನ ಸಾಲುಗಳು ಬೈಪಾಸ್ ಆಗಿ ಮೀಟರ್ ಅಂಚಿನ ಕರೆಂಟನ್ನಷ್ಟೇ ತೋರಿಸ್ತಿದೆಯಾ? ನನಗೆ ಗಂಟು ಬಿದ್ದಿರೋದು ಇಲ್ಲೇ.

ಹಾರ್ಸ್‌ಶೂ ಏಡಿಯ ಕಣ್ಣಿನ ಶಂಕುವಿನ ತರಹದ ಕಾಂಪೌಂಡ್ ಪ್ಯಾರಬೋಲಿಕ್ ಆಕಾರಕ್ಕೆ (ಬೆಳಕನ್ನು ಒಟ್ಟುಗೂಡಿಸುವ ಬಾಗಿದ ಗೋಡೆಯ ಆಲಿಕೆ) ಹೋಗೋಣ ಅಂದ್ರೆ, ಅದರಲ್ಲೂ ಬೆಳಕು ಎಲ್ಲಾ ಕಡೆ ಸಮನಾಗಿ ಬೀಳಲ್ಲ.

ಹಾಗಾಗಿ ಕೇಳೋದು ಇಷ್ಟೇ: ಶೀಟ್‌ನ ಎತ್ತರ, ಓರೆ ಬದಲಿಸಿ ಬೆಳಕನ್ನು ಪೂರ್ತಿ ಅಗಲಕ್ಕೆ ಹರಡೋದು ಸರಿಯಾ, ಅಥವಾ ಪ್ರತಿ ಸೆಲ್‌ಗೂ ಸಮಪಾಲು ಸಿಗುವಂತೆ ಒಂದೇ ಸಾಲಿನ ಪ್ಯಾನೆಲ್ ಕಟ್ಟಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.