ಅಣೆಕಟ್ಟಿನ ಕೆಳಗೆ ಸಾಲ್ಮನ್ ಮೀನು ಮೊಟ್ಟೆಯಿಡಲು ತೋಡಿದ ಗುಂಡಿ ಬೇಕಾದಷ್ಟು, ಮರಿ ಮಾತ್ರ ಇಲ್ಲ. ಯಾಕೆ?

ಪ್ರಶ್ನೆ: ಸಮುದ್ರಕ್ಕೆ ಹೋಗದೆ ಸರೋವರದಲ್ಲೇ ಬೆಳೆಯುವ ಅಟ್ಲಾಂಟಿಕ್ ಸಾಲ್ಮನ್. ಶರತ್ಕಾಲದಲ್ಲಿ ಜಲ್ಲಿಯಲ್ಲಿ ಮೊಟ್ಟೆಗುಂಡಿಗಳು ಎದ್ದು ಕಾಣುತ್ತವೆ, ಮರುವರ್ಷದ ಸಮೀಕ್ಷೆಯಲ್ಲಿ ಆ ವರ್ಷದ ಮರಿಗಳು ಬೆರಳೆಣಿಕೆಯಷ್ಟೇ. ಯಾವ ಹಂತದಲ್ಲಿ ಸಾಯುತ್ತಿವೆ ಎಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ 1: ಮೊದಲು ನೀರಿನ ಮಟ್ಟ ನೋಡಿ ಸರ್. ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಡುವ ಕಡೆ, ಹರಿವು ಹೆಚ್ಚಿದ್ದಾಗ ದಡದ ಬಳಿ ತೋಡಿದ ಗುಂಡಿ ಚಳಿಗಾಲದಲ್ಲಿ ಒಣಗುತ್ತದೆ. ಜಲ್ಲಿ ತೇವವಿದ್ದು ಹೆಪ್ಪುಗಟ್ಟದಿದ್ದರೆ ಮೊಟ್ಟೆ ಕೆಲಕಾಲ ತಡೆಯುತ್ತದೆ. ಒಡೆದು ಹೊರಬಂದ ಎಳೆಮರಿ ತಡೆಯುವುದಿಲ್ಲ. ಪ್ರತಿ ಗುಂಡಿಯ ಹಿಂದೆ ಮೊಟ್ಟೆ ಹುದುಗಿರುವ ಜಲ್ಲಿ ದಿಬ್ಬದ ಮೇಲೆ ಎಷ್ಟು ನೀರಿದೆ ಅಳೆದು, ಜಿಪಿಎಸ್ ಗುರುತು ಹಾಕಿ, ಹರಿವು ತೀರಾ ಇಳಿದಾಗ ಮತ್ತೆ ಹೋಗಿ ನೋಡಿ. ಮಟ್ಟಮಾಪಕ 15 ನಿಮಿಷಕ್ಕೊಮ್ಮೆ ದಾಖಲಿಸಲಿ. ದಿನದ ಸರಾಸರಿ ನಂಬಿದರೆ ಕೆಟ್ಟಿರಿ, ಎರಡು ಗಂಟೆಯ ಕುಸಿತ ಅದರಲ್ಲಿ ಕಾಣುವುದೇ ಇಲ್ಲ. ಅಂದಹಾಗೆ, ಎಲ್ಲ ಗುಂಡಿಯಲ್ಲೂ ಮೊಟ್ಟೆ ಇರುವುದಿಲ್ಲ.

ಉತ್ತರ 2: ನೀರಿನ ಮಟ್ಟ ಸರಿಯಿದ್ದರೆ ಹೂಳನ್ನು ಅನುಮಾನಿಸಿ, ಜಲ್ಲಿಯ ಸಂದು ಕಟ್ಟಿಕೊಂಡರೆ ಮೊಟ್ಟೆಗೆ ಉಸಿರಿಲ್ಲ. ಕಣ್ಣು ಮೂಡಿದ (ಒಳಗಿನ ಮರಿಯ ಕಣ್ಣು ಹೊರಗಿನಿಂದ ಕಾಣುವ) ಮೊಟ್ಟೆಗಳನ್ನು ಎಣಿಸಿ, ರಂಧ್ರವಿರುವ ಪೆಟ್ಟಿಗೆಗಳಲ್ಲಿ ಹಾಕಿ ಜಲ್ಲಿಯೊಳಗೆ 15–20 ಸೆಂ.ಮೀ. ಆಳದಲ್ಲಿ ಹೂಳಿ. ಅದೇ ತಂಡದ ಮೊಟ್ಟೆಗಳ ಒಂದು ಪೆಟ್ಟಿಗೆ ಮರಿಕೇಂದ್ರದಲ್ಲೂ ಇರಲಿ, ಇಲ್ಲವಾದರೆ ಮೊಟ್ಟೆಯೇ ಕೆಟ್ಟಿತ್ತೋ ನದಿ ಕೊಂದಿತೋ ಗೊತ್ತಾಗದು. ಹೊಸ ಜಲ್ಲಿ ಸುರಿಯುವುದಾದರೆ 2–6 ಸೆಂ.ಮೀ. ಗಾತ್ರದ ದುಂಡುಕಲ್ಲು ಸಾಕು. ಆದರೆ ಆಗಾಗ ರಭಸದ ನೀರು ಬಿಡದಿದ್ದರೆ ಅದೂ ಹೂಳಿನಿಂದ ಕಟ್ಟಿಕೊಳ್ಳುತ್ತದೆ.

ಉತ್ತರ 3: ಮೀನನ್ನು ಅಣೆಕಟ್ಟಿನ ಮೇಲಕ್ಕೆ ದಾಟಿಸುವ ಯೋಚನೆಯಿದ್ದರೆ ಸ್ವೀಡನ್ನಿನ ಕ್ಲಾರೆಲ್ವೆನ್ ನದಿ ನೋಡಿ. ಫೋರ್ಸ್‌ಹಾಗಾದಲ್ಲಿ ಹಿಡಿದ ಮೀನನ್ನು ಲಾರಿಯಲ್ಲಿ ಅಣೆಕಟ್ಟುಗಳ ಮೇಲಕ್ಕೆ ಒಯ್ಯುತ್ತಾರೆ. ಕೆಳಗಿಳಿಯುವ ಮರಿಗಳಿಗೆ ಟರ್ಬೈನುಗಳೇ ಕಂಟಕ. ಮರಿ ಕೆಳಗಿಳಿಯಲು ಸುರಕ್ಷಿತ ದಾರಿ ಆಗುವವರೆಗೆ, ಮೀನು ಮೇಲೇರುವ ದಾರಿಗೆ ಹಣ ಸುರಿಯುವುದು ಅರ್ಧ ಕೆಲಸವೇ.