ಪಂಚಾಯಿತಿ ಗೋಡೆಗೆ ‘ಪ್ರಜೆ’ಯೋ ‘ನಾಗರಿಕ’ನೋ? ಅರ್ಜೆಂಟ್

ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸಣ್ಣ ಪಂಚಾಯಿತಿಯಿಂದ ಬರೆಯುತ್ತಿದ್ದೇನೆ. ಆಫೀಸಿನ ಗೋಡೆಗೆ ಎರಡು ಬರಹ ಬೇಕು. ಒಂದು ಸಂವಿಧಾನದ ಪೀಠಿಕೆ. ಇನ್ನೊಂದು ‘ಗ್ರಾಮಸಭೆಯಲ್ಲಿ ___ ಹಕ್ಕುಗಳು’ ಅಂತ ತಲೆಬರಹ, ಕೆಳಗೆ ಆರು ಸಾಲು. ಖಾಲಿ ಜಾಗಕ್ಕೆ ನಾನು ‘ಪ್ರಜೆಗಳ’ ಅಂತ ಬರೆದುಕೊಟ್ಟೆ, ಪಿಡಿಒ ಸಾಹೇಬರು ‘ನಾಗರಿಕರ’ ಅಂತ ತಿದ್ದಿದರು, ಅಧ್ಯಕ್ಷರು ಎರಡೂ ಬ್ಯಾಡ ‘ಪೌರರ’ ಅನ್ನಿ ಅಂದರು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾನೆ, ಅಕ್ಷರಕ್ಕಿಷ್ಟು ಅಂತ ರೇಟು. ಪೀಠಿಕೆಯದೂ ಇದೇ ಗೋಳು. ಒಂದು ಪ್ರತಿಯಲ್ಲಿ ‘ಪ್ರಜೆಗಳಾದ ನಾವು’, ಇನ್ನೊಂದರಲ್ಲಿ ‘ಜನತೆಯಾದ ನಾವು’. ಯಾವುದು ಬರೆಸಲಿ?

(ಧಾರವಾಡ)
‘ಪ್ರಜೆ’ ಬೇಡವೇ ಬೇಡ. ಸಂಸ್ಕೃತದಲ್ಲಿ ಪ್ರಜಾ ಅಂದರೆ ಸಂತಾನ. ರಾಜ ಅಪ್ಪ, ನಾವು ಮಕ್ಕಳು, ಆ ಲೆಕ್ಕದ ಪದ. 1950ರ ಜನವರಿ 26ಕ್ಕೆ ರಾಜ ಹೋದ, ಪದ ಉಳಿಯಿತು. ‘ಪ್ರಜಾಪ್ರಭುತ್ವ’ ಅಂತ ಜನ್ಮವಿಡೀ ಪಾಠ ಮಾಡಿದೆ, ಅದರೊಳಗೂ ಒಬ್ಬ ಪ್ರಭು ಕೂತಿದ್ದಾನೆ ಅಂತ ರಿಟೈರ್ ಆದ ಮೇಲೆ ಹೊಳೆಯಿತು. ಪೀಠಿಕೆಗೆ ‘ಜನತೆ’ ಬರೆಸಿ. ಇಂಗ್ಲಿಷ್ ಮೂಲದಲ್ಲಿ ಎರಡು ಬೇರೆ ಪದಗಳಿವೆ. ಮೊದಲ ಸಾಲಿನ ಜನ ಸಂವಿಧಾನವನ್ನು ತಮಗೆ ತಾವೇ ಕೊಟ್ಟುಕೊಳ್ಳುವವರು. ಆಮೇಲೆ ಬರುವ ನಾಗರಿಕರು ಅದರಿಂದ ನ್ಯಾಯ, ಸ್ವಾತಂತ್ರ್ಯ ಪಡೆಯುವವರು. ಎರಡಕ್ಕೂ ಪ್ರಜೆ ಅಂತ ಬಳಿದರೆ ಕೊಡುವವರು ಯಾರು, ಪಡೆಯುವವರು ಯಾರು ಗೊತ್ತಾಗಲ್ಲ.

(ಗದಗ)
ಮಾಸ್ತರು ಮತ್ತೆ ಶುರು ಮಾಡಿದರು. ನಾಗರಿಕ ನಗರದಿಂದ ಬಂತು, ಪೌರ ಪುರದಿಂದ. ಅವನ್ನ ಹಳ್ಳಿ ಗೋಡೆ ಮೇಲೆ ಬರೆದರೆ ಹಳ್ಳಿ ಮಂದಿ ಏನು ಅನಾಗರಿಕರಾ? ಪೌರ ಅಂದರೆ ನೆನಪಾಗೋದು ಪೌರಕಾರ್ಮಿಕರು, ಪೌರಾಯುಕ್ತರು. ಈ ಸಂಸ್ಕೃತದ ಸಹವಾಸವೇ ಸಾಕು. ಅಚ್ಚಗನ್ನಡದಲ್ಲಿ ‘ನಾಡಿಗರ ಹಕ್ಕು’ ಅನ್ನಿ, ಮುಗೀತು.

(ಹುಬ್ಬಳ್ಳಿ)
> ‘ನಾಡಿಗರ ಹಕ್ಕು’ ಅನ್ನಿ
ನಾಡಿಗ ಅಂದರೆ ಹಿಂದೆ ನಾಡಿನ ಲೆಕ್ಕ ನೋಡುತ್ತಿದ್ದ ಅಧಿಕಾರಿ, ಈಗ ಅಡ್ಡಹೆಸರು. ಹಕ್ಕೆಲ್ಲ ನಾಡಿಗರ ಮನೆಗೇ ಹೋಯ್ತು ಅಂತಾರೆ ಊರವರು. ಇನ್ನು ಅಚ್ಚಗನ್ನಡ ಅಂದಿರಲ್ಲ, ‘ಹಕ್ಕು’ ಅರಬ್ಬಿ ರೀ. ಕಾಯ್ದೆ ಅರಬ್ಬಿ, ಸರ್ಕಾರ ಪಾರಸಿ. ನಗರದ ವಾಸನೆ ಬೇಡ ಅನ್ನುವವರಿಗೆ ಇನ್ನೊಂದು ಮಾತು, ಇಂಗ್ಲಿಷಿನ ಸಿಟಿಜನ್ ಒಳಗೂ ಸಿಟಿನೇ ಇರೋದು.

(ಗದಗ)
ಹಕ್ಕು ಬಂದು ಕಾಲವಾಯ್ತು. ಈಗ ನಮ್ಮದು.

(ಹುಬ್ಬಳ್ಳಿ)
ಪ್ರಜೆ ಅದಕ್ಕಿಂತ ಮೊದಲೇ ಬಂದಿತ್ತಲ್ಲ ಸರ್. ಅದ್ಯಾಕೆ ಹೊರಗೆ?

(ಹಾವೇರಿ)
ಕೇಳಿದವರಿಗೆ ನಾಳೆ ಬೆಳಿಗ್ಗೆ ಬೇಕು, ಇಲ್ಲಿ ಅರಬ್ಬಿ ಪಾರಸಿ ನಡೆದಿದೆ. ಸಂವಿಧಾನದ 243ನೇ ವಿಧಿ ತೆಗೆದು ನೋಡಿ. ಗ್ರಾಮಸಭೆ ಅಂದರೆ ಆ ಪಂಚಾಯಿತಿ ವ್ಯಾಪ್ತಿಯ ಹಳ್ಳಿಗಳ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. 73ನೇ ತಿದ್ದುಪಡಿಯಲ್ಲಿ ಬಂದದ್ದು, 1993ರ ಏಪ್ರಿಲ್ 24ಕ್ಕೆ ಜಾರಿಯಾಯಿತು. ಹಾಗಾಗಿ ನಿಮ್ಮ ತಲೆಬರಹಕ್ಕೆ ‘ಮತದಾರರ’ ಸಾಕು. ಕೆಳಗಿನ ಆರು ಸಾಲಲ್ಲಿ ಕಾನೂನಿನ ಮುಂದೆ ಸಮಾನತೆ, ಜೀವದ ಹಕ್ಕು ಸೇರಿಸಿದ್ದರೆ ಅವನ್ನು ತೆಗೆದು ಬೇರೆ ಬೋರ್ಡಿಗೆ ಹಾಕಿ. 14 ಮತ್ತು 21ನೇ ವಿಧಿ ‘ವ್ಯಕ್ತಿ’ ಅನ್ನುತ್ತವೆ, ನಾಗರಿಕ ಅನ್ನಲ್ಲ. ನೇಪಾಳದಿಂದ ಬಂದ ಗೂರ್ಖಾನಿಗೂ ಅವು ಸಿಗುತ್ತವೆ. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ ಮಾತ್ರ. ಕೋರ್ಟಿನಲ್ಲಿ ಈ ಒಂದು ಪದದ ಮೇಲೆ ಕೇಸು ಬೀಳುತ್ತೆ, ಏಳುತ್ತೆ.

(ಧಾರವಾಡ)
ಒಪ್ಪಿದೆ. ಆದರೆ ‘ಮತದಾರ’ ಅಂದರೆ ‘ಮತದಾನ’ ನೆನಪಾಗುತ್ತೆ, ಅದರಲ್ಲಿ ದಾನ ಬಂತಲ್ಲ. ವೋಟು ಏನು ದಾನ ಕೊಡೋದಾ?

(ಹಾವೇರಿ)
ಮಾಸ್ತರ, ದಯವಿಟ್ಟು.

(ಕೇಳಿದವರು)
ಎಲ್ಲರಿಗೂ ಥ್ಯಾಂಕ್ಸ್. ‘ಮತದಾರರ ಹಕ್ಕುಗಳು’ ಅಂತಲೇ ಆಯಿತು, ಪೀಠಿಕೆಗೆ ‘ಜನತೆ’. ಪಿಡಿಒ ಸಾಹೇಬರೂ ಒಪ್ಪಿದರು. ಆದರೆ ನಾನು ಚಹಾ ಕುಡಿದು ಬರುವಷ್ಟರಲ್ಲಿ ಮೂರನೇ ಸಾಲಿನ ‘ನಿರ್ಣಯ’ವನ್ನು ಪೇಂಟರ್ ತಾನೇ ‘ಠರಾವು’ ಅಂತ ಬರೆದುಬಿಟ್ಟಿದ್ದಾನೆ. ಕೇಳಿದರೆ, ನಮ್ಮೂರಾಗ ಯಾರೂ ನಿರ್ಣಯ ಪಾಸ್ ಮಾಡಂಗಿಲ್ರಿ, ಠರಾವು ಪಾಸ್ ಮಾಡ್ತಾರ, ಅಂತಾನೆ. ಬಿಡಲಾ?

(ಗದಗ)
ಠರಾವು ಮರಾಠಿ. ಅಳಿಸಿ.

(ಹುಬ್ಬಳ್ಳಿ)
ಮುಟ್ಟಬೇಡಿ.