ಅಪ್ಪನ ಖಾತೆ ಪುಸ್ತಕದ ಹಿಂಬದಿಯಲ್ಲಿ ಟೆಸ್ಟ್ ಮ್ಯಾಚ್! ಇವು ಯಾವ ಮ್ಯಾಚ್, ಯಾರಾದರೂ ಹೇಳ್ತೀರಾ?

ಅರಸೀಕೆರೆ_ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು, ಬರೆಯುತ್ತಿರುವುದು ಇದೇ ಮೊದಲು. ಕ್ರಿಕೆಟ್ ನನಗೆ ಅಷ್ಟಕ್ಕಷ್ಟೇ. ಆದರೆ ಈಗ ಒಂದು ವಿಷಯ ತಲೆಗೆ ಹತ್ತಿಬಿಟ್ಟಿದೆ.

ನಮ್ಮಪ್ಪ ಅರಸೀಕೆರೆಯ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಯಜಮಾನರು ಇಲ್ಲದಾಗ ಗಲ್ಲಾದಲ್ಲೂ ಅವರೇ, ಬಟ್ಟೆ ಅಳೆಯುವುದೂ ಅವರೇ. ಈಗ 76 ವರ್ಷ. ಹೋದ ತಿಂಗಳು ಹಾಸನಕ್ಕೆ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಟ್ರಂಕಿನಲ್ಲಿ ಪಂಚೆಗಳ ಅಡಿಯಲ್ಲಿ ಕೆಂಪು ಬಟ್ಟೆ ಬೈಂಡಿನ ಉದ್ದದ ಖಾತೆ ಪುಸ್ತಕ ಇತ್ತು. ಮುಂದಿನಿಂದ ತೆರೆದರೆ ಅಂಗಡಿಯ ಕಚ್ಚಾ ಲೆಕ್ಕ. ತಿರುಗಿಸಿ ಹಿಂದಿನಿಂದ ತೆರೆದರೆ ಚುಕ್ಕೆ, ಅಂಕಿ, ಚುಕ್ಕೆ, ಅಂಕಿ. ಟೆಸ್ಟ್ ಮ್ಯಾಚ್ ಅಂತೆ. ಅಂಗಡಿಯಲ್ಲಿದ್ದಾಗ ರೇಡಿಯೋ ಕೇಳಿ, ಆಮೇಲೆ ಮನೆಯಲ್ಲಿ ಟಿವಿ ನೋಡಿ ಬರೆದದ್ದು. ಎಲ್ಲಾ ಮ್ಯಾಚ್ ಬರೆದಿಲ್ಲ, ಮನಸ್ಸಿಗೆ ಬಂದದ್ದು ಮಾತ್ರ. ಹಿಂಬದಿಯಲ್ಲಿ ಒಂದು ತಾರೀಕೂ ಇಲ್ಲ. ಜೀವನಪೂರ್ತಿ ಲೆಕ್ಕ ಬರೆದವರು ನೋಡಿ!

"ಇದು ಯಾವುದಪ್ಪ?" ಅಂತ ಕೇಳಿದರೆ, "ಎಲ್ಲಾ ಬರೆದಿದೆಯಲ್ಲ, ಓದಿಕೋ" ಅಂತಾರೆ. ಅಷ್ಟೇ. ಮತ್ತೆ ಕಾಫಿ ಲೋಟ ಕೈಗೆತ್ತಿಕೊಳ್ಳುತ್ತಾರೆ.

ನನಗೆ ಅರ್ಥವಾಗದ ಹಾಳೆಗಳು ಇವು.

ಒಂದರಲ್ಲಿ ಮೊತ್ತ 116, 145, 249, 204. ಕೊನೆಯ 204ರ ಕೆಳಗೆ ಮೂರು ಗೆರೆ ಎಳೆದಿದ್ದಾರೆ. ಪೆನ್ನು ಒತ್ತಿದ ರಭಸಕ್ಕೆ ಹಾಳೆ ಹರಿದಿದೆ.

ಇನ್ನೊಂದರಲ್ಲಿ ಮೇಲೆ 254-4, ಕೆಳಗೆ 589-4. ಮಧ್ಯೆ ಇಡೀ ಹಾಳೆ ಇರುವೆ ಸಾಲಿನ ಹಾಗೆ ಚುಕ್ಕೆ. ಬೇರೆ ಹಾಳೆಗಳಲ್ಲೆಲ್ಲ "ಔ" ಅಂತ ಬರುತ್ತೆ, ಔಟ್ ಇರಬೇಕು. ಇದರಲ್ಲಿ ಒಂದೇ ಒಂದು "ಔ" ಇಲ್ಲ.

ಮತ್ತೊಂದರಲ್ಲಿ ಎರಡು ಕಡೆ 233ಕ್ಕೆ ಸುತ್ತು ಹಾಕಿದ್ದಾರೆ.

ಒಂದು ಹಾಳೆಯಲ್ಲಿ 214, ಅದರ ಕೆಳಗೆ 80-0, ಆಮೇಲೆ "ಮಳೆ. ಮಳೆ. ಮಳೆ. ಮಳೆ." ಅಷ್ಟೇ.

ಕೊನೆಯ ಹಾಳೆ ಇತ್ತೀಚಿನದು, ಅಕ್ಷರ ನಡುಗಿದೆ. ಅದರಲ್ಲಿ ಹನ್ನೊಂದನೇ ಬ್ಯಾಟ್ಸ್‌ಮನ್ ಹೆಸರು "ವೋ". ಅದರ ಮುಂದೆ ಚುಕ್ಕೆ ಇಲ್ಲ, ರನ್ ಇಲ್ಲ, ಔ ಇಲ್ಲ. ಖಾಲಿ. ಬರೆಯುವುದು ಮರೆತರಾ ಅಂತ ನನಗೆ ಸ್ವಲ್ಪ ಭಯವೂ ಆಯಿತು, ವಯಸ್ಸಾಯ್ತಲ್ಲ.

ಮತ್ತೆ ಈ ಗುರುತುಗಳು: ಮ, ಚಿಕ್ಕ ತ್ರಿಕೋನ, ಮತ್ತೆ "ಗಿ". ಚುಕ್ಕೆಗಳ ಮಧ್ಯೆ ಇದ್ದಕ್ಕಿದ್ದಂತೆ "ಗಿ" ಬರುತ್ತೆ. ಏನಿದು?

---

ಸ್ಕೋರು_ಶೀನ

ಮೇಡಂ, ಮೊದಲು ಆ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಮಳೆಗಾಲ ಇನ್ನೂ ಮುಗಿದಿಲ್ಲ.

ನಾನು ಮೈಸೂರಿನಲ್ಲಿ ಹತ್ತು ವರ್ಷ ಲೀಗ್ ಮ್ಯಾಚ್‌ಗಳಿಗೆ ಸ್ಕೋರ್ ಬರೆದವನು. ಚುಕ್ಕೆ ಅಂದರೆ ರನ್ ಬರದ ಬಾಲ್, ಅದು ನಿಮಗೂ ಗೊತ್ತಾಗಿರುತ್ತೆ. ಒಂದು ಓವರಿನ ಆರಕ್ಕೆ ಆರೂ ಚುಕ್ಕೆಯಾದರೆ ಮೇಡನ್. ನಾವು ಆ ಆರು ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ ಇಂಗ್ಲಿಷಿನ ಎಂ ಅಕ್ಷರ ಮಾಡುತ್ತೇವೆ. ನಿಮ್ಮಪ್ಪ ಆ ಗೋಜಿಗೆ ಹೋಗದೆ ನೇರವಾಗಿ "ಮ" ಅಂತ ಬರೆದುಬಿಟ್ಟಿದ್ದಾರೆ. ಇದು ನನಗೆ ಇಷ್ಟು ದಿನ ಹೊಳೆದಿರಲಿಲ್ಲವಲ್ಲ! ತ್ರಿಕೋನ ಅಂದರೆ ಬೈ, ಅಂದರೆ ಬಾಲ್ ಬ್ಯಾಟಿಗಾಗಲಿ ಮೈಗಾಗಲಿ ತಾಗದೆ ಹೋದಾಗ ಓಡಿ ತೆಗೆದ ರನ್. ತಲೆಕೆಳಗಾದ ತ್ರಿಕೋನ ಇದ್ದರೆ ಲೆಗ್ ಬೈ, ಅಂದರೆ ಬಾಲ್ ಮೈಗೆ ತಾಗಿ ಹೋದಾಗ ತೆಗೆದದ್ದು. ವೈಡ್‌ಗೆ ಪ್ಲಸ್, ನೋಬಾಲ್‌ಗೆ ಸೊನ್ನೆ ಸುತ್ತು.

ಔಟ್ ಇಲ್ಲದ ಹಾಳೆ ಯಾವುದು ಅಂತ ಮಲಗಿದ್ದವನನ್ನು ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕೋಲ್ಕತ್ತಾ, 2001, ಮಾರ್ಚ್ 14, ಬುಧವಾರ. ಆಸ್ಟ್ರೇಲಿಯಾ 445 ಹೊಡೆದು ನಮ್ಮನ್ನು 171ಕ್ಕೆ ಉರುಳಿಸಿ ಫಾಲೋಆನ್ ಕೊಟ್ಟಿತ್ತು, ಅಂದರೆ ನಾವೇ ತಕ್ಷಣ ಮತ್ತೆ ಬ್ಯಾಟ್ ಮಾಡಬೇಕು. ನಾಲ್ಕನೇ ದಿನ ಲಕ್ಷ್ಮಣ್ 109, ದ್ರಾವಿಡ್ 7 ಇದ್ದಾಗ ಶುರುಮಾಡಿದವರು ಸಂಜೆಗೆ 275 ಮತ್ತು 155. ಪೂರ್ತಿ 90 ಓವರ್, 335 ರನ್, ವಿಕೆಟ್ ಬೀಳಲಿಲ್ಲ. ಹಾಳೆಯಲ್ಲಿ ಬೌಲರ್‌ಗಳ ಹೆಸರು ನೋಡಿ. ಮೆಗ್ರಾ, ವಾರ್ನ್ ಸಾಕಾಗದೆ ಬ್ಯಾಟ್ಸ್‌ಮನ್‌ಗಳಾದ ಸ್ಲೇಟರ್, ಲ್ಯಾಂಗರ್ ಕೈಗೂ ಬಾಲ್ ಕೊಟ್ಟಿದ್ದರು. ಆ ಇನಿಂಗ್ಸ್‌ನಲ್ಲಿ ಒಟ್ಟು ಒಂಬತ್ತು ಜನ ಬೌಲ್ ಮಾಡಿದರು. ಮಾರನೆಯ ದಿನ ಆಸ್ಟ್ರೇಲಿಯಾ 212ಕ್ಕೆ ಆಲೌಟ್, ನಾವು 171 ರನ್‌ಗಳಿಂದ ಗೆದ್ದೆವು. ಮೊದಲ ಇನಿಂಗ್ಸ್‌ನಲ್ಲಿ ನಾವು ಹೊಡೆದದ್ದೂ 171, ನೋಡಿ ತಮಾಷೆ.

"ಗಿ" ಅಂದರೆ ಆಸ್ಟ್ರೇಲಿಯಾದ ಬೌಲರ್ ಗಿಲೆಸ್ಪಿ. ಅದರಲ್ಲಿ ಅನುಮಾನವೇ ಬೇಡ.

---

ಮೂರನೇ_ಸ್ಲಿಪ್

116, 145, 249, 204. ಅಯ್ಯೋ, ಬೆಳಗ್ಗೆ ಎದ್ದು ಇದನ್ನೇ ಓದಬೇಕಿತ್ತಾ.

ಬೆಂಗಳೂರು, 1987ರ ಮಾರ್ಚ್, ಪಾಕಿಸ್ತಾನ. ಗಾವಸ್ಕರ್ ಆಡಿದ ಕೊನೆಯ ಟೆಸ್ಟ್. ನಾನಾಗ ಪಿಯುಸಿ. ಮಾವ ಚಿನ್ನಸ್ವಾಮಿ ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದರು, ಬುತ್ತಿಯಲ್ಲಿ ಚಿತ್ರಾನ್ನ. ಪಿಚ್ ಹೇಗಿತ್ತೆಂದರೆ, ಬಾಲ್ ಬಿದ್ದಲ್ಲೆಲ್ಲ ಧೂಳು ಏಳುತ್ತಿತ್ತು. ಮೊದಲ ಇನಿಂಗ್ಸ್‌ನಲ್ಲಿ ಮಣಿಂದರ್ 27 ರನ್ ಕೊಟ್ಟು 7 ವಿಕೆಟ್ ತೆಗೆದಾಗ ಮ್ಯಾಚ್ ನಮ್ಮದೇ ಅಂದುಕೊಂಡಿದ್ದೆವು. ಕೊನೆಗೆ ಗೆಲ್ಲಲು 221 ಬೇಕಿತ್ತು. ಗಾವಸ್ಕರ್ ಒಬ್ಬರೇ ಒಂದು ಕಡೆ ಗೂಟ ಹೊಡೆದ ಹಾಗೆ ನಿಂತು 96 ಹೊಡೆದರು. ಇಕ್ಬಾಲ್ ಖಾಸಿಂ ಬಾಲ್‌ಗೆ ಸ್ಲಿಪ್‌ನಲ್ಲಿ ಕ್ಯಾಚ್. ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಕಡಲೆಕಾಯಿ ಮಾರುವವನೂ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೊನೆಯವರಾಗಿ ಔಟಾದದ್ದು ನಮ್ಮ ರೋಜರ್ ಬಿನ್ನಿ. 16 ರನ್‌ಗಳಿಂದ ಸೋತೆವು, ಸರಣಿಯೂ ಹೋಯಿತು.

ಹಾಳೆ ಹರಿದದ್ದರಲ್ಲಿ ತಪ್ಪೇನಿಲ್ಲ ಬಿಡಿ. ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಮಳೆ ಹಾಳೆಯೂ ನಮ್ಮೂರಿನದೇ. 2015ರ ನವೆಂಬರ್, ದಕ್ಷಿಣ ಆಫ್ರಿಕಾ, ಡಿವಿಲಿಯರ್ಸ್‌ಗೆ ನೂರನೇ ಟೆಸ್ಟ್. ಮೊದಲ ದಿನ ಅವರು 214ಕ್ಕೆ ಆಲೌಟ್, ನಾವು 80-0. ಆಮೇಲೆ ನಾಲ್ಕು ದಿನ ಒಂದು ಬಾಲ್ ಕೂಡ ಬೀಳಲಿಲ್ಲ. ನೆಲದಡಿಯಿಂದ ನೀರು ಹೀರುವ ಸಬ್‌ಏರ್ ಯಂತ್ರ ಚಿನ್ನಸ್ವಾಮಿಗೆ ಬಂದದ್ದು ಅದಾದ ಮೇಲೆ. ಮಳೆ ನಿಲ್ಲದೆ ಸುರಿಯುತ್ತಿದ್ದರೆ ಅದು ಇದ್ದೂ ಉಪಯೋಗವಿಲ್ಲ. 2024ರಲ್ಲಿ ನ್ಯೂಜಿಲೆಂಡ್ ಬಂದಾಗ ಮೊದಲ ದಿನ ಪೂರ್ತಿ ಹೋಯಿತು. ಮಾರನೆಯ ದಿನ ಆಟ ನಡೆಯಿತು, ನಾವು 46ಕ್ಕೆ ಆಲೌಟ್! ಅವತ್ತೂ ಮಳೆ ಬಂದಿದ್ದರೆ ಚೆನ್ನಾಗಿರುತ್ತಿತ್ತು.

---

ಹೊರನಾಡ_ಹನುಮ

ಎರಡು 233 ನನಗೆ ಬಿಡಿ. ಅಡಿಲೇಡ್, 2003ರ ಡಿಸೆಂಬರ್. ಆಸ್ಟ್ರೇಲಿಯಾ 556 ಹೊಡೆದಿತ್ತು. ದ್ರಾವಿಡ್ ಮೊದಲ ಇನಿಂಗ್ಸ್‌ನಲ್ಲಿ 233. ಅಗರ್ಕರ್ 6 ವಿಕೆಟ್ ತೆಗೆದು ಅವರನ್ನು 196ಕ್ಕೆ ಕಟ್ಟಿಹಾಕಿದ ಮೇಲೆ ನಮಗೆ 230 ಬೇಕಿತ್ತು. ಮೆಕ್‌ಗಿಲ್ ಬಾಲನ್ನು ದ್ರಾವಿಡ್ ಕಟ್ ಮಾಡಿ ಬೌಂಡರಿಗೆ ಅಟ್ಟಿದಾಗ ಭಾರತದ ಮೊತ್ತ 233-6. ಅಲ್ಲೂ 233, ಇಲ್ಲೂ 233. ನಾನು ಇಷ್ಟು ವರ್ಷ ಆ ಮ್ಯಾಚ್ ಬಗ್ಗೆ ಬಾಯಿ ಬಡಿದುಕೊಂಡಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ. ಲೆಕ್ಕದವರ ಕಣ್ಣೇ ಬೇರೆ.

ಈಗ ಖಾಲಿ ಹೆಸರು. ಮೇಡಂ, ಭಯಪಡಬೇಡಿ. ಅಪ್ಪ ಏನೂ ಮರೆತಿಲ್ಲ.

ನಾನು ಲಂಡನ್‌ನಲ್ಲಿದ್ದೇನೆ. 2025ರ ಆಗಸ್ಟ್ 4, ಸೋಮವಾರ, ಆಫೀಸಿಗೆ ಜ್ವರ ಅಂತ ಹೇಳಿ ಓವಲ್‌ಗೆ ಹೋಗಿದ್ದೆ. ಇಂಗ್ಲೆಂಡಿಗೆ 35 ರನ್ ಬೇಕು, 4 ವಿಕೆಟ್ ಇದೆ. ನಮ್ಮ ಪ್ರಸಿದ್ಧ್ ಕೃಷ್ಣ ಹಾಕಿದ ಮೊದಲ ಎರಡು ಬಾಲಿಗೇ ಓವರ್ಟನ್ ಎರಡು ಫೋರ್ ಹೊಡೆದ. ಮುಗೀತು ಕಥೆ ಅಂತ ಎದ್ದು ನಿಂತೆ. ಆಮೇಲೆ ಸಿರಾಜ್ ಸ್ಮಿತ್‌ನನ್ನು ತೆಗೆದ, ಓವರ್ಟನ್‌ನನ್ನು ತೆಗೆದ, ಪ್ರಸಿದ್ಧ್ ಟಂಗ್ ಸ್ಟಂಪ್ ಹಾರಿಸಿದ. ಒಂಬತ್ತು ವಿಕೆಟ್ ಬಿತ್ತು. ಆಗ ವೋಕ್ಸ್ ಇಳಿದು ಬಂದ. ಮೊದಲ ದಿನ ಭುಜದ ಕೀಲು ತಪ್ಪಿತ್ತು. ಎಡಗೈ ಸ್ವೆಟರಿನೊಳಗೆ, ಬಲಗೈಯಲ್ಲಿ ಬ್ಯಾಟು. ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ಓಡುವಾಗ ಅವನ ಮುಖ ನೋವಿನಿಂದ ಕಿವುಚುತ್ತಿತ್ತು. ಅವನು ಬಾಲ್ ಎದುರಿಸುವಂತಾಗಬಾರದೆಂದು ಜೊತೆಗಿದ್ದ ಆಟ್ಕಿನ್ಸನ್ ಓವರಿನ ಕೊನೆಯಲ್ಲಿ ಒಂದು ಬೈ ಕದ್ದ. ಆ ಹಾಳೆಯಲ್ಲಿ ಕೊನೆಯ ಕಡೆ ಒಂದು ತ್ರಿಕೋನ ಇರಬೇಕು, ನೋಡಿ. ಕೊನೆಗೆ ಸಿರಾಜ್ ಆಟ್ಕಿನ್ಸನ್‌ನನ್ನು ಬೌಲ್ಡ್ ಮಾಡಿದ, 6 ರನ್‌ಗಳಿಂದ ಗೆದ್ದೆವು. ವೋಕ್ಸ್ ಒಂದು ಬಾಲನ್ನೂ ಎದುರಿಸಲಿಲ್ಲ, ಔಟೂ ಆಗಲಿಲ್ಲ. ಅವನ ಮುಂದೆ ಬರೆಯುವುದಕ್ಕೆ ಏನಿದೆ?

---

ಅರಸೀಕೆರೆ_ಪ್ಯಾಸೆಂಜರ್

ತ್ರಿಕೋನ ಇದೆ!! ಕೊನೆಯಿಂದ ಎರಡನೇ ಸಾಲಿನಲ್ಲಿ.

ನಿಮ್ಮೆಲ್ಲರ ಉತ್ತರ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ವೋಕ್ಸ್ ವಿಷಯಕ್ಕೆ, "ಬಾಲೇ ಆಡದವನಿಗೆ ಚುಕ್ಕೆ ಇಟ್ಟರೆ ಸುಳ್ಳು ಲೆಕ್ಕ ಆಗಲ್ವೇನೇ?" ಅಂದರು. ಮೂರನೇ ಸ್ಲಿಪ್ ಅವರೇ, 1987ರದ್ದು ಓದುವಾಗ "ಸಾಕು, ಮುಂದಿಂದು ಓದು" ಅಂದುಬಿಟ್ಟರು.

ಆದರೆ ಶೀನ ಅವರೇ, ಒಂದು ತಕರಾರು. "ಗಿ" ಅನ್ನುವುದು 1987ರ ಹಾಳೆಯಲ್ಲೂ ಇದೆ. ಗಿಲೆಸ್ಪಿ ಆಗ ಹುಡುಗ ಅಲ್ವಾ?

---

ಸ್ಕೋರು_ಶೀನ

ಹೌದಲ್ಲ! ಕೈ ಮುಗಿದೆ. ಅಪ್ಪನನ್ನೇ ಕೇಳಿ ಹೇಳಿ, ಇವತ್ತು ನನಗೆ ನಿದ್ದೆ ಬರಲ್ಲ.

---

ಅರಸೀಕೆರೆ_ಪ್ಯಾಸೆಂಜರ್

ಕೇಳಿದೆ. ಕಾಫಿ ನೆತ್ತಿಗೇರುವಷ್ಟು ನಕ್ಕರು.

ಗಿ ಅಂದರೆ ಗಿರಾಕಿ. ಅಂಗಡಿಗೆ ಯಾರಾದರೂ ಬಂದರೆ ಅಲ್ಲಿ "ಗಿ" ಬರೆದು ರೇಡಿಯೋ ಸಣ್ಣ ಮಾಡಿ ಏಳುತ್ತಿದ್ದರಂತೆ. ಬಟ್ಟೆ ಅಳೆದು, ದುಡ್ಡು ಗಲ್ಲಾಕ್ಕೆ ಹಾಕಿ ಬಂದ ಮೇಲೆ ಸ್ಕೋರ್ ಕೇಳಿಸಿಕೊಂಡು ತಪ್ಪಿಹೋದ ರನ್‌ಗಳನ್ನು ಒಟ್ಟಿಗೆ ಸೇರಿಸುತ್ತಿದ್ದರು. ಸರಿಯಾಗಿ ನೋಡಿದರೆ ಪ್ರತಿ "ಗಿ" ಪಕ್ಕದಲ್ಲೂ ಚಿಕ್ಕದಾಗಿ ಒಂದು ಅಂಕಿ ಇದೆ.

ಕೋಲ್ಕತ್ತಾ ಹಾಳೆಯಲ್ಲಿ ಎಣಿಸಿದೆ. ಬೆಳಗ್ಗೆ ಎರಡು "ಗಿ". ಊಟದ ನಂತರ ಒಂದೂ ಇಲ್ಲ.

"ಮಧ್ಯಾಹ್ನ ಒಬ್ಬರೂ ಬರಲಿಲ್ವಾ ಅಪ್ಪ?" ಅಂತ ಕೇಳಿದೆ.

"ಬಂದಿದ್ರು ಕಣೇ. ಸ್ಟಾಕ್ ಇಲ್ಲ ಅಂತ ಹೇಳಿ ಕಳಿಸ್ದೆ."

ಶೀನ ಅವರು ಕೊಟ್ಟ ತಾರೀಕು ಹಿಡಿದು ಪುಸ್ತಕ ತಿರುಗಿಸಿ ಮುಂದಿನಿಂದ ನೋಡಿದೆ. ಮಾರ್ಚ್ 14, ಬುಧವಾರ: ಟವೆಲ್ 2, ಲಂಗದ ಬಟ್ಟೆ ಒಂದೂವರೆ ಮೀಟರ್. ಅದರ ಕೆಳಗೆ ಯಜಮಾನರ ಕೈಬರಹದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ.